ನೆಲ ಮುಟ್ಟಿದ ಕಾರು

ಕಲ್ಯಾಣ ನಗರದ ಆನಂದನಿಗೆ ಕೆಲಸವಿರಲಿಲ್ಲ. ಅಪ್ಪ ಮುನಿಆಂಜನಪ್ಪನ ರಾಗಿ ಹೊಲದ ಮೇಲೆ ಎದ್ದ ಮನೆಗಳ ಬಾಡಿಗೆ ಬರುತ್ತಿತ್ತು. ಹಾಗಾಗಿ ಕಾರಿನ ಬಗ್ಗೆ ಯೋಚಿಸಲು ಬೇಕಾದಷ್ಟು ಬಿಡುವಿತ್ತು. ಕಾರು ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ವಾಲುವುದಿಲ್ಲ, ರಸ್ತೆಗೆ ಅಂಟಿಕೊಂಡೇ ಓಡುತ್ತದೆ ಎಂದು ಫೋನಿನ ವಿಡಿಯೋಗಳು ಅವನಿಗೆ ಕಲಿಸಿದ್ದವು. ಆ ವಿಡಿಯೋಗಳಲ್ಲಿ ಒಂದೇ ಒಂದು ಗುಂಡಿಯೂ ಇರಲಿಲ್ಲವೆಂಬುದು ಅವನ ಗಮನಕ್ಕೆ ಬರಲಿಲ್ಲ.

ಶಿವಾಜಿನಗರದಲ್ಲಿ ಗ್ಯಾರೇಜ್ ಇಟ್ಟಿದ್ದ ಮುಬೀನ್, ಕಾರು ತಗ್ಗಿಸಲು ಬೇಕಾದ ಗಿಡ್ಡ ಸ್ಪ್ರಿಂಗೂ ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರೂ ಬರಬೇಕಾದರೆ ತಿಂಗಳಾಗುತ್ತದೆ ಎಂದ.

"ಅಷ್ಟು ದಿನ ಕಾಯೋಕಾಗಲ್ಲ ಗುರು."

"ಹಂಗಾದ್ರೆ ಇರೋ ಸ್ಪ್ರಿಂಗನ್ನೇ ಕಟ್ ಮಾಡ್ಬಿಡೋಣ ಭಾಯ್. ಸಂಜೆಗೆ ಗಾಡಿ ರೆಡಿ."

"ಗ್ರಿಪ್ಪು?"

"ಹಲ್ಲಿ ಗೋಡೆ ಹಿಡ್ಕೊಳಲ್ವಾ? ಹಂಗೆ!"

ಅಂದು ಸಂಜೆ ಇಂದಿರಾನಗರದಲ್ಲಿ ಹೊಸದಾಗಿ ಟಾರು ಹಾಕಿದ ರಸ್ತೆಯಲ್ಲಿ ಕಾರು ನಿಜಕ್ಕೂ ವಾಲದೆ ತಿರುಗಿತು. ಆನಂದ ಅದೇ ತಿರುವನ್ನು ಕತ್ತಲಾಗುವತನಕ ಸುತ್ತಿದ.

ಭಾನುವಾರ ಹಲಸೂರಿನಲ್ಲಿ ನೆಂಟರ ಮನೆಯ ಸೀಮಂತ. ಅವನ ತಾಯಿ ಮುನಿಗಂಗಮ್ಮ ಕಾರಿಗೆ ಒಂದು ಸುತ್ತು ಬಂದು ನೋಡಿದರು.

"ನಾಲ್ಕು ಚಕ್ರಾನೂ ಪಂಚರ್ ಆಗೈತೇನೋ?"

"ಗಾಡೀನ ತಗ್ಗಿಸಿ ಲೋ ಮಾಡ್ಸಿದೀನಮ್ಮಾ. ಹ್ಯಾಂಡ್ಲಿಂಗ್ ಚೆನ್ನಾಗಿರುತ್ತೆ."

ಅವರು ಮಣೆಯ ಮೇಲೆ ಕೂರುವಂತೆ ಮುಂದಿನ ಸೀಟಿನಲ್ಲಿ ಕೂತರು. ಆನಂದನ ಹೆಂಡತಿ ಯಮುನಾ ಹಣ್ಣಿನ ತಟ್ಟೆಗಳನ್ನು ಹಿಡಿದು ಹಿಂದೆ ಕೂತಳು. ವೇಗ ತಗ್ಗಿಸಲು ರಸ್ತೆಗೆ ಹಾಕಿದ್ದ ಮೊದಲ ಹಂಪಿನಲ್ಲೇ ಕಾರಿನ ಹೊಟ್ಟೆ ಕರಕರನೆ ಉಜ್ಜಿತು. ಮುಂದಿನ ಪ್ರತಿ ಹಂಪಿಗೂ ಅತ್ತೆ ಸೊಸೆ ಕೆಳಗಿಳಿದು, ನಡೆದು ದಾಟಿ, ಮತ್ತೆ ಹತ್ತಬೇಕಾಯಿತು. ರೇಷ್ಮೆ ಸೀರೆಯ ಈ ಮೆರವಣಿಗೆ ಕಂಡು ಹಾಲಿನ ಬೂತಿನವನಿಗೆ ಮರುಕ ಬಂತು.

"ತಳ್ಬೇಕೇನಮ್ಮಾ?"

"ಬೇಡಣ್ಣಾ, ಸ್ಪೋರ್ಟ್ಸ್ ಕಾರು," ಎಂದಳು ಯಮುನಾ.

ಆನಂದನಿಗೆ ಕಿವಿ ಬಿಸಿಯಾಯಿತು. ಹಲಸೂರಿನ ಹತ್ತಿರ, ಪೈಪಿಗಾಗಿ ಅಗೆದು ಅರ್ಧಂಬರ್ಧ ಮುಚ್ಚಿದ್ದ ತಿರುವೊಂದು ಎದುರಾಯಿತು. "ಈಗ ನೋಡಿ, ಹೆಂಗೆ ತಿರುಗುತ್ತೆ," ಎಂದು ವೇಗ ಹೆಚ್ಚಿಸಿದ. ಗುಂಡಿ ಸಿಕ್ಕಿತು. ಕತ್ತರಿಸಿದ ಸ್ಪ್ರಿಂಗಿಗೆ ಕುಗ್ಗಲು ಜಾಗವೇ ಉಳಿದಿರಲಿಲ್ಲ. ಚಕ್ರ ಧಡ್ ಎಂದು ಬಡಿದು ನೆಲ ಬಿಟ್ಟು ನೆಗೆಯಿತು. ಗಾಳಿಯಲ್ಲಿರುವ ಟೈರು ಏನನ್ನು ಹಿಡಿದೀತು? ಆನಂದ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದ, ಕಾರು ನೆಟ್ಟಗೆ ಹೋಗಿ ಮರಳಿನ ಗುಡ್ಡೆಯಲ್ಲಿ ಮೂತಿ ಹೂತುಕೊಂಡಿತು.

ಯಾರಿಗೂ ಪೆಟ್ಟಾಗಲಿಲ್ಲ. ತಟ್ಟೆಯಲ್ಲಿದ್ದ ವೀಳ್ಯದೆಲೆ ಮಾತ್ರ ಎಲ್ಲರ ತಲೆಯ ಮೇಲೂ ಇತ್ತು. ಮುನಿಗಂಗಮ್ಮ ಇಳಿದು, ಸೆರಗು ಸರಿಮಾಡಿಕೊಂಡು ಆಟೋಗೆ ಕೈ ಅಡ್ಡ ಹಿಡಿದರು. ಯಮುನಾ ತಟ್ಟೆಗಳ ಸಮೇತ ಹತ್ತಿದಳು. ಆಟೋ ಗುಂಡಿಗಳ ಮೇಲೆ ತೂಗಾಡುತ್ತಾ ಹೋಗಿಯೇ ಬಿಟ್ಟಿತು.

ಆನಂದ ಮುಬೀನನಿಗೆ ಫೋನು ಮಾಡಿದ. "ಎಲ್ಲೋ ನಿನ್ ಗ್ರಿಪ್ಪು?"

"ಗ್ರಿಪ್ ಇದೆ ಭಾಯ್. ರೋಡೇ ಸರಿ ಇಲ್ಲ."

ಈ ಉತ್ತರ ಆನಂದನಿಗೆ ಬಹಳ ಹಿಡಿಸಿತು. ಸೀಮಂತದ ಮನೆಗೆ ನಡೆದುಕೊಂಡು ಬಂದವನು ಊಟದ ಪಂಕ್ತಿಯಲ್ಲಿ ಅದನ್ನೇ ದೊಡ್ಡ ದನಿಯಲ್ಲಿ ಹೇಳಿದ. "ಹೆಜ್ಜೆಗೊಂದು ಹಂಪ್ ಹಾಕಿದ್ರೆ ಯಾವನು ಗಾಡಿ ಓಡಿಸ್ತಾನೆ? ನಮ್ಮನೆ ಮುಂದೇನೇ ಎರಡಿದೆ! ಯಾವ್ ತಲೆಕೆಟ್ಟವನು ಹಾಕ್ಸಿದ್ನೋ!"

ಎದುರು ಎಲೆಯಲ್ಲಿ, ಮುಂಚೆಯೇ ಬಂದಿದ್ದ ಅಪ್ಪ ಮುನಿಆಂಜನಪ್ಪ ಪಾಯಸ ಸವರುತ್ತಿದ್ದರು. ತಲೆ ಎತ್ತಲಿಲ್ಲ.

"ನಾನೇ ಕಣೋ," ಎಂದರು. "ನಿನಗೆ ಲೈಸೆನ್ಸ್ ಬಂದ ವಾರ."