ಎರಡನೇ ಎಣಿಕೆ

"ನಲವತ್ತೆಂಟನೇ ಸ್ಲೈಡು. ಮುಗೀತು," ಎಂದು ಅಕ್ಕ ಮೈಕ್ರೋಸ್ಕೋಪಿನಿಂದ ಮುಖವೆತ್ತಿದಾಗ ಬೆನ್ನು ಲಟಕ್ಕೆಂದಿತು.

ಪ್ರಯೋಗಾಲಯದ ಟೆಕ್ನಿಷಿಯನ್ ಆದ ಆಕೆ ಅಲ್ಲಿ ಎಲ್ಲರಿಗೂ ಅಕ್ಕನೇ. ಮೊಬೈಲಿನ ವಿಕಿರಣ ಇಲಿಗಳ ಮೆದುಳಿನ ಜೀವಕೋಶಗಳಿಗೆ ಏನು ಮಾಡುತ್ತದೆ, ನಿದ್ದೆ ತರಿಸುವ ಮೆಲಟೋನಿನ್ ಕೊಟ್ಟರೆ ಆ ಹಾನಿ ತಗ್ಗೀತೇ ಎಂದು ನೋಡುವ ಪ್ರಯೋಗವದು. ಯಾವ ಸ್ಲೈಡು ಯಾವ ಗುಂಪಿನ ಇಲಿಯದೆಂದು ಎಣಿಸುವವರಿಗೆ ತಿಳಿಯಬಾರದು. ಆ ಪಟ್ಟಿ ಪ್ರೊಫೆಸರ್ ಮೇಡಂ ಅವರ ಬೀರುವಿನಲ್ಲಿ, ಅಂಟಿಸಿದ ಲಕೋಟೆಯೊಳಗಿತ್ತು. ಹಾಳಾದ ಕೋಶಗಳನ್ನು ಎಣಿಸಿ ಬರೆಯುವುದಷ್ಟೇ ಅಕ್ಕನ ಕೆಲಸ. ಮೊದಲ ಸಲ ಎಣಿಸಿ ಮುಗಿಸಿದ ಮರುವಾರವೇ ಆಕೆ ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕಾಯಿತು. "ಪೊರೆ ಬಂದ ಕಣ್ಣಲ್ಲಿ ಎಣಿಸಿದ್ದನ್ನ ನಂಬೋದು ಹೇಗೆ?" ಎಂದು ಮೀಟಿಂಗಿನಲ್ಲಿ ಯಾರೋ ಕೇಳಿದ್ದು ಆಕೆಯ ಕಿವಿಗೂ ಬಿತ್ತು. ಇಪ್ಪತ್ತಾರು ವರ್ಷ ಪಳಗಿದ ಕಣ್ಣು! ಡಾಕ್ಟರು ಹೂಂ ಅಂದ ದಿನವೇ ಬಂದು, "ಮೊದಲಿಂದ ಎಣಿಸ್ತೀನಿ. ಹಳೇ ಹಾಳೆ ನನಗೆ ತೋರಿಸಬೇಡಿ" ಎಂದು ಕೂತುಬಿಟ್ಟಿದ್ದಳು.

ಈಗ ಎರಡೂ ಹಾಳೆಗಳು ಮೇಜಿನ ಮೇಲೆ ಅಕ್ಕಪಕ್ಕ. ಊಟದ ಡಬ್ಬಿ ತಂದಿದ್ದ ಅಕ್ಕನ ಗಂಡ ಬಾಗಿಲಲ್ಲೇ ನಿಂತ; ಆತ ಎದುರು ಬೀದಿಯಲ್ಲಿ ದರ್ಜಿ. ಮೇಡಂ ಬೆರಳಿಟ್ಟು ಸಾಲು ಸಾಲಾಗಿ ಇಳಿದರು. ಒಂದೆರಡು ಕೋಶ ಆಚೀಚೆ ಆದದ್ದು ಬಿಟ್ಟರೆ ಎರಡೂ ಒಂದೇ.

"ಅಕ್ಕಾ, ಪೊರೆ ಬಂದಿದ್ದು ನಿಮ್ಮ ಕಣ್ಣಿಗೋ, ನಮ್ಮ ಬುದ್ಧಿಗೋ!" ಎನ್ನುತ್ತ ಅವರು ಲಕೋಟೆ ಹರಿದರು. ವಿಕಿರಣ ಮಾತ್ರ ತಾಕಿದ ಇಲಿಗಳಲ್ಲಿ ಹಾಳಾದ ಕೋಶಗಳು ಹೆಚ್ಚು. ಜೊತೆಗೆ ಮೆಲಟೋನಿನ್ನೂ ಸಿಕ್ಕ ಇಲಿಗಳಲ್ಲಿ ಅದರ ಅರ್ಧವೂ ಇಲ್ಲ. ಮೇಡಂ ಕೈಕೆಳಗೆ ಈ ಪ್ರಯೋಗ ನಡೆಸುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಕಿರುಚಿ ಅಕ್ಕನನ್ನು ತಬ್ಬಿಕೊಂಡಳು.

"ಹಾಗಾದ್ರೆ ನಾನೂ ಆ ಗುಳಿಗೆ ನುಂಗ್ಲಾ?" ದರ್ಜಿ ಕೇಳಿದ. "ದಿನವಿಡೀ ಫೋನು ಕಿವಿಗೂ ಭುಜಕ್ಕೂ ಮಧ್ಯೆನೇ ಇರತ್ತೆ."

"ನೀವೇನು ಇಲಿನಾ?" ಅಕ್ಕ ಗದರಿದಳು. "ಮನುಷ್ಯರ ವಿಷಯ ಇದ್ರಿಂದ ಗೊತ್ತಾಗಲ್ಲ. ಸುಮ್ನೆ ಫೋನು ಕೆಳಗಿಟ್ಟು ಹೊಲೀರಿ."

"ಗುಳಿಗೆನೇ ಸುಲಭ ಇತ್ತಲ್ಲೇ!"

ನಗು ನಿಂತ ಮೇಲೆ ಮೇಡಂ ಹೇಳಿದರು: "ಲೇಖನದಲ್ಲಿ ಈ ಸಲ ನಿಮ್ಮ ಹೆಸರು ಇರತ್ತೆ ಅಕ್ಕಾ. ಕೊನೇಲಿ ಥ್ಯಾಂಕ್ಸ್ ಹೇಳೋ ಕಡೆ ಅಲ್ಲ. ಮೇಲೆ, ನಮ್ಮ ಜೊತೆ."

ಅಕ್ಕ ಗಂಡನ ಕೈ ಹಿಡಿದೆಳೆದು ತನ್ನ ಸ್ಟೂಲಿನ ಮೇಲೆ ಕೂರಿಸಿದಳು. "ಎರಡು ಕಣ್ಣೂ ಬಿಟ್ಟು ನೋಡಿ."

ಆತ ಬಗ್ಗಿದ. ನೇರಳೆ ಬಣ್ಣದ ಕೋಶಗಳು ಒಂದರ ಪಕ್ಕ ಒಂದು, ಸಾಲು ತಪ್ಪದೆ.

"ಅಬ್ಬಾ, ಎಂಥ ಒತ್ತಾದ ಹೊಲಿಗೆ! ಯಾರೇ ಹಾಕಿದ್ದು ಇದನ್ನ?"

ಆತ ಏಳಲೇ ಇಲ್ಲ. ಬೆನ್ನ ಹಿಂದೆ ಪಕ್ಕದ ಕೋಣೆಯವರೂ ಬಂದು ಸಾಲು ನಿಂತರು. ಅಕ್ಕ ಅವನ ಭುಜದ ಮೇಲಿಂದ ಕೈ ಚಾಚಿ, ಚಿತ್ರ ಇನ್ನಷ್ಟು ತಿಳಿಯಾಗಲೆಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು.