ನಾಲ್ಕು ಸಾಲಿನ ಹೆಂಡತಿ

ಮಂಗಳನಿಗೂ ಗುರುವಿಗೂ ನಡುವೆ ಕಲ್ಲುಬಂಡೆಗಳ ದೊಡ್ಡ ಸಂತೆಯೇ ನೆರೆದಿದೆ. ಆ ಸಂತೆಯ ಆಚೆ ಅಂಚಿನಲ್ಲಿ, ಗುರುವಿನ ಕಡೆಗೆ, ಇದ್ದಿಲಿನಷ್ಟು ಕಪ್ಪಗಿನ ಒಂದು ಕ್ಷುದ್ರಗ್ರಹವನ್ನು ನಮ್ಮ ಖಗೋಳಜ್ಞ ಕಂಡುಹಿಡಿದಿದ್ದ. ಕಂಡುಹಿಡಿದವನಿಗೇ ಹೆಸರಿಡುವ ಹಕ್ಕು. ಕಲ್ಲಿಗೆ ಅಧಿಕೃತ ಸಂಖ್ಯೆ ಸಿಕ್ಕ ಮೇಲೆ ಹತ್ತು ವರ್ಷದೊಳಗೆ ಇಡದಿದ್ದರೆ ಹಕ್ಕು ಕೈಬಿಟ್ಟು ಹೋಗುತ್ತದೆ. ಆ ಹತ್ತು ವರ್ಷ ಈ ವಾರ ಮುಗಿಯುತ್ತಿತ್ತು.

ಹಿಂದೆ ಕಂಡ ಕಲ್ಲುಗಳನ್ನೆಲ್ಲ ಅವನು ಧಾರಾಳವಾಗಿ ಹಂಚಿದ್ದ. ವೀಕ್ಷಣಾಲಯದ ನಿರ್ದೇಶಕರಿಗೊಂದು, ದೂರದರ್ಶಕದ ಕನ್ನಡಿ ಉಜ್ಜಿದವನಿಗೊಂದು, ಕಡೆಗೆ ನಿರ್ದೇಶಕರ ಮಾವನಿಗೂ ಒಂದು. "ನನ್ನ ಸರದಿ ಯಾವಾಗ?" ಎಂದು ಹೆಂಡತಿ ಕೇಳಿದರೆ, "ಒಳ್ಳೇದೊಂದು ಸಿಗ್ಲಿ ಇರು, ಅದು ನಿಂಗೆ" ಎನ್ನುತ್ತಿದ್ದ. ಮನೆಯವರ ಪಾಡೇ ಹಾಗೆ, ಊರಿಗೆಲ್ಲ ಬಡಿಸಿದ ಮೇಲೆ ಉಳಿದರೆ ಉಂಟು. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಕೈಯಲ್ಲಿ ಉಳಿದಿದ್ದದ್ದು ಈ ಕಪ್ಪು ಕಲ್ಲೊಂದೇ.

ಹೆಸರೇನೋ ಅವಳದ್ದೇ, ಸರಿ. ಆದರೆ ಹೆಸರಿನ ಜೊತೆಗೆ ಅವರು ಯಾರು, ಎಂಥವರು ಎಂದು ನಾಲ್ಕು ಸಾಲು ಬರೆದು, ಹೆಸರನ್ನು ಒಪ್ಪುವ ಸಮಿತಿಗೆ ಕಳಿಸಬೇಕು. ನಿರ್ದೇಶಕರ ಮಾವನ ಬಗ್ಗೆ ಮುಖ ಕೂಡ ನೋಡದೆ ಸಲೀಸಾಗಿ ಗೀಚಿದ್ದವನು, ಹೆಂಡತಿಯ ವಿಷಯಕ್ಕೆ ಬಂದಾಗ ಅಡುಗೆಮನೆಯ ಮೇಜಿನ ಮುಂದೆ ದಿನಗಟ್ಟಲೆ ಕೂತ. ಕೊನೆಗೆ ಹುಟ್ಟಿದ್ದು ಒಂದೇ ಸಾಲು: 'ಮಿತಭಾಷಿ, ಶಾಂತ ಸ್ವಭಾವದವರು.' ಪೆನ್ನು ಮುಂದಕ್ಕೆ ಓಡಲಿಲ್ಲ. ಅವಳನ್ನೇ ಕೇಳೋಣವೆಂದರೆ ಎದುರಿನ ಕುರ್ಚಿ ಖಾಲಿ.

ಬಸ್ಸು ಹತ್ತಿ ನಾದಿನಿಯ ಮನೆಗೆ ಹೋದ. ಹೆಂಡತಿ ಹೋದ ಮೇಲೆ ಅತ್ತ ತಲೆ ಹಾಕಿರಲಿಲ್ಲ. ಅವನು ಬರೆದದ್ದನ್ನು ಓದಿ ನಾದಿನಿಗೆ ನಗು ತಡೆಯಲಾಗಲಿಲ್ಲ.

"ಯಾರ ಬಗ್ಗೆ ಬರ್ದಿದೀರಿ ಭಾವ?"

"ನಿಮ್ಮಕ್ಕನ ಬಗ್ಗೇನೇ."

"ನಮ್ಮಕ್ಕ ಶಾಂತ ಸ್ವಭಾವಾನಾ! ಅವ್ಳು ಬಾಯಿ ಬಿಟ್ರೆ ಬೀದಿಗೆಲ್ಲ ಕೇಳೋದು. ಸಿಳ್ಳೆ ಹಾಕಿ ಹಾಕಿ, ಗಂಡುಬೀರಿ ಅಂತ ಅಪ್ಪನ ಹತ್ರ ಬೈಸ್ಕೋತಿದ್ಲು. ಮೆಟ್ಟಿಲು ಇಳಿದ್ರೆ ಮನೆಯೇ ನಡುಗೋದು."

"ನಮ್ಮನೇಲಿ ಒಂದು ದಿನಾನೂ ಹಾಗೆ..."

ನಾದಿನಿಯ ನಗು ನಿಂತಿತು. "ರಾತ್ರಿಯೆಲ್ಲ ಆಕಾಶ ನೋಡ್ಕೊಂಡು ಬಂದು ಹಗಲು ಮಲಗ್ತಿದ್ರಲ್ಲ ನೀವು. ನಿಮ್ಮ ನಿದ್ದೆ ಕೆಡಬಾರ್ದು ಅಂತ ಅವ್ಳು ತುದಿಗಾಲಲ್ಲೇ ಓಡಾಡ್ತಿದ್ಲು. ಪಾತ್ರೆ ಪಾತ್ರೆ ಮಧ್ಯೆ ಬಟ್ಟೆ ಇಟ್ಟು ಜೋಡಿಸ್ತಿದ್ಲು. ನಾನು ಬಂದ್ರೂ ಕೈಸನ್ನೇಲೇ ಮಾತು."

ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಆ ಬಾಯಿಬಡುಕಿಯನ್ನು ಬೀದಿಯವರೆಲ್ಲ ಕಂಡಿದ್ದರು, ಅವಳನ್ನು ಕಟ್ಟಿಕೊಂಡವನೊಬ್ಬನನ್ನು ಬಿಟ್ಟು.

"ಸಿಳ್ಳೇಲಿ ಏನು ಹಾಡ್ತಿದ್ಲು?" ಎಂದು ಕೇಳಿದ.

ನಾದಿನಿ ತುಟಿ ಮುಂದೆ ಮಾಡಿದಳು. ಬರೀ ಗಾಳಿ ಬಂತು. "ನಂಗೆ ಬರಲ್ಲ ಭಾವ. ಅದು ಅವ್ಳಿಗೇ ಬರ್ತಿದ್ದದ್ದು."

ಮನೆಗೆ ಬಂದ. ಚಪ್ಪಲಿ ಬಿಡುವ ಸದ್ದು ಕೂಡ ಒಳಗಿನವರೆಗೆ ಕೇಳಿಸಿತು. ಮೊದಲ ಸಾಲನ್ನು ಹೊಡೆದುಹಾಕಿ, ಹೊಸದಾಗಿ ಬರೆದು, ಅಂದೇ ಕಳಿಸಿಬಿಟ್ಟ:

'ದೊಡ್ಡ ಗಂಟಲಿನವಳು, ಮಾತುಗಾತಿ. ಸೊಗಸಾಗಿ ಸಿಳ್ಳೆ ಹಾಕುತ್ತಿದ್ದಳು. ಈ ಕ್ಷುದ್ರಗ್ರಹವನ್ನು ಕಂಡುಹಿಡಿದವನು ಅವಳ ಗಂಡ. ಅವನು ಆ ಸಿಳ್ಳೆಯನ್ನು ಒಮ್ಮೆಯೂ ಕೇಳಿಲ್ಲ.'