ಉಪ್ಪುಗೋಡೆ ಕರಗಿದ ದಿನ

ಮಳೆ ಹಿಡಿದ ಮರುದಿನವೂ ಬಿಡದಾಗ ಮಬ್ರೂಕಾಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ನಡೆಯುವಳು, ಗವಾಕ್ಷಿಯ ಕೆಳಗೆ ನಿಂತು ಕಿವಿಗೊಡುವಳು, ಮತ್ತೆ ನಡೆಯುವಳು. ಮರಳುಗಾಡಿನ ನಡುವಿನ ಸೀವಾದಲ್ಲಿ ಮಳೆಯೆಂದರೆ ನಾಲ್ಕು ಹನಿ ಉದುರಿಸಿ, ಧೂಳಿನ ವಾಸನೆ ಎಬ್ಬಿಸಿ ಹೊರಟುಹೋಗುವ ನೆಂಟ. ಇದು ಮಾತ್ರ ಗುಡ್ಡದ ಮೇಲಿನ ಕೋಟೆಯನ್ನೇ ಹಿಡಿದು ಕೂತಿತ್ತು.

ಹೊರಗೆ ಹೋಗಿ ನೋಡುವಂತಿರಲಿಲ್ಲ. ಗಂಡ ಬಷೀರ್ ಜ್ವರದಲ್ಲಿ ತೀರಿಕೊಂಡ ದಿನವೇ ಅವಳ ಬೆಳ್ಳಿ ಕಳಚಿ, ಬಿಳಿ ಉಡಿಸಿ ಈ ಕೋಣೆಗೆ ಕಳಿಸಿದ್ದರು. ಹೊಸದಾಗಿ ಗಂಡ ಸತ್ತವಳು ಘೂಲಾ. ಅವಳ ಕಣ್ಣಲ್ಲಿ ಸಾವು ಇನ್ನೂ ಹಸಿಯಾಗಿರುತ್ತದೆ. ಆ ಕಣ್ಣು ಯಾರ ಮೇಲೆ ಬಿದ್ದರೂ ಅವರಿಗೆ ಕೇಡು. ಹೊಸ ಚಂದ್ರ ಕಂಡ ಮೇಲೆ ಡಂಗುರದವನು ಸಾರುತ್ತಾನೆ, ಊರು ಬಾಗಿಲು ಹಾಕಿಕೊಳ್ಳುತ್ತದೆ, ಅವಳು ಒಬ್ಬಳೇ ಬುಗ್ಗೆಗೆ ಇಳಿದು, ಮಿಂದು, ಮನುಷ್ಯಳಾಗಿ ಹಿಂದಿರುಗುತ್ತಾಳೆ. ಚಿಕ್ಕಂದಿನಲ್ಲಿ ಮಬ್ರೂಕಾಳೂ ಆ ಡಂಗುರ ಕೇಳಿ ಕಂಬಳಿಯೊಳಗೆ ಮುಖ ಹುದುಗಿಸಿದವಳೇ.

ಊಟ ತರುತ್ತಿದ್ದವಳು ಖದ್ದೂಜಜ್ಜಿ, ಎರಡೂ ಕಣ್ಣು ಕಾಣದ ಮುದುಕಿ.

"ನಿನ್ನ ಕಣ್ಣು ನನಗೇನು ಮಾಡೀತು ಹೇಳು," ಎಂದು ಅವತ್ತೂ ರೊಟ್ಟಿ ಇಟ್ಟು ನಕ್ಕಳು. "ನನ್ನವೆರಡನ್ನೂ ನೊಣ ತಿಂದು ಎಷ್ಟೋ ಕಾಲ ಆಯ್ತು."

"ಹೊರಗೆ ಹೆಂಗಿದೆ ಅಜ್ಜಿ?"

"ಕೇಳೋದಕ್ಕೆ ಒಳ್ಳೆಯವಳನ್ನೇ ಹುಡುಕಿದೆ. ಗಂಡಸರೆಲ್ಲ ಖರ್ಜೂರದ ಕಣಕ್ಕೆ ಹೋಗವ್ರೆ, ಚಾಪೆ ಹೊದಿಸೋಕೆ. ಹೆಂಡ್ರು ನೆಂದ್ರೆ ಒಣಗ್ತಾರೆ, ಖರ್ಜೂರ ನೆಂದ್ರೆ ಒಣಗುತ್ತಾ?"

ಅಜ್ಜಿ ಗೋಡೆ ತಡವುತ್ತ ಹೊರಟಳು. ಮಬ್ರೂಕಾ ರೊಟ್ಟಿ ಮುರಿದು ಬಾಯಿಗಿಟ್ಟಳು. ಸೂರಿನ ಹನಿ ಬಿದ್ದು ಒದ್ದೆಯಾಗಿದ್ದ ತುಂಡು. ಉಪ್ಪೋ ಉಪ್ಪು.

ಅಗಿಯುವುದು ನಿಂತಿತು. ಕೋಟೆಯೊಳಗಿನ ಊರಿನ ಮನೆಗಳೆಲ್ಲ ಉಪ್ಪುಕೆರೆಯ ಅಂಚಿನಿಂದ ಕಿತ್ತು ತಂದ ಮಣ್ಣುಗಟ್ಟಿಗಳವು. ಬಿಸಿಲಿಗೆ ಕಲ್ಲಾಗುತ್ತವೆ. ನೀರು ಕುಡಿದರೆ ಏನಾಗುತ್ತವೆ ಎಂಬುದನ್ನು ಈಗ ಬದುಕಿದ್ದವರು ಯಾರೂ ಕಂಡಿರಲಿಲ್ಲ. ಅವಳು ನಡುಗೋಡೆಗೆ ಅಂಗೈ ಒತ್ತಿದಳು. ಕಲಸಿದ ಹಿಟ್ಟಿನಂತೆ ಗೋಡೆ ಕೈಗೆ ಬಂತು. ಅದರಾಚೆ ಓರಗಿತ್ತಿ ಹನಿಯ್ಯಾ ಮತ್ತು ಅವಳ ಮೂರು ಮಕ್ಕಳು. ಎಲ್ಲರ ತಲೆಯ ಮೇಲೆ ಇನ್ನೆರಡು ಅಂತಸ್ತು.

"ಹನಿಯ್ಯಕ್ಕಾ," ಎಂದು ಗೋಡೆ ಗುದ್ದಿದಳು. "ಮಕ್ಕಳನ್ನ ಕರ್ಕೊಂಡು ಹೊರಗೆ ಹೋಗು. ಗೋಡೆ ಕರಗ್ತಾ ಇದೆ."

"ಈ ಕಡೆ ಒಣಗಿದೆ. ಗುದ್ದಬೇಡ, ತೂಮಾ ಈಗ ತಾನೇ ಮಲಗಿದಾಳೆ."

"ಈ ಕಡೆ ನೀರು ಇಳೀತಿದೆ ಅಕ್ಕ. ಉಪ್ಪುನೀರು."

"ಮಾವನ ಅಜ್ಜ ಕಟ್ಟಿಸಿದ ಗೋಡೆ ಕಣೇ ಇದು. ಒಳಗೆ ಕೂತು ಕೂತು ನಿನಗೆ ತಲೆ ಕೆಟ್ಟಿದೆ, ನನಗೆ ಗೊತ್ತಾಗುತ್ತೆ. ಈ ಮಳೇಲಿ ಮೂರು ಮಕ್ಕಳನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ? ಚಂದ್ರ ಕಾಣೋವರೆಗೆ ತೆಪ್ಪಗಿರು."

ಮೇಲೆಲ್ಲೋ ಧೊಪ್ಪನೆ ಏನೋ ಕುಸಿಯಿತು. ಮಬ್ರೂಕಾ ಚಿಲಕದ ಮೇಲೆ ಕೈಯಿಟ್ಟು ನಿಂತಳು. ತೂಮಾ ಅವಳ ಮಡಿಲಲ್ಲೇ ಮಲಗಿ ಅಭ್ಯಾಸವಾದ ಮಗು. ತನ್ನ ಕಣ್ಣಲ್ಲಿ ಏನಿದೆಯೋ ಅವಳಿಗೂ ತಿಳಿಯದು. ಇಲ್ಲವೆಂದು ಹೇಳುವ ಧೈರ್ಯ ಅವಳಿಗಿರಲಿಲ್ಲ. ಒಂದು ಮಾತ್ರ ಗೊತ್ತಿತ್ತು. ಹನಿಯ್ಯಾಗೆ ಗೋಡೆಯ ಭಯವಿಲ್ಲ, ಈ ಕಣ್ಣಿನ ಭಯವಿದೆ.

"ಅಕ್ಕಾ." ಈ ಸಲ ಅವಳು ಕೂಗಲಿಲ್ಲ. "ನಾನು ಹೊರಗೆ ಬರ್ತಿದ್ದೀನಿ. ನಿನ್ನ ಕೋಣೆಗೇ ಬರ್ತೀನಿ. ಒಬ್ಬೊಬ್ಬರನ್ನೇ ನೋಡ್ತೀನಿ. ತೂಮಾನ್ನ ಮೊದಲು."

ಆಚೆಯಿಂದ, "ಬೇಡ ಮಬ್ರೂಕಾ. ನಿನಗೆ ನಾನೇನು ಮಾಡಿದ್ದೆ."

"ಚಿಲಕ ತೆಗೆದೆ."

ಪಾತ್ರೆ ಉರುಳಿತು, ಮಗು ಚೀರಿತು, ಮೆಟ್ಟಿಲ ಮೇಲೆ ಕಾಲುಗಳು ದಡದಡನೆ ಇಳಿದವು. "ಘೂಲಾ ಬಂದ್ಲು, ಓಡ್ರೇ," ಎಂಬ ಕೂಗು ಹಬ್ಬಿ ಮೇಲಿನ ಅಂತಸ್ತಿನವರೂ ಬಿದ್ದು ಎದ್ದು ಓಡಿದರು. ಮಬ್ರೂಕಾ ಕಣ್ಣು ಬಿಗಿಯಾಗಿ ಮುಚ್ಚಿ, ಗೋಡೆಗೆ ಕೆನ್ನೆ ತಾಗಿಸಿಕೊಂಡು, "ಬಂದೆ, ಬಂದೆ," ಎನ್ನುತ್ತ ಹೆಜ್ಜೆಯಿಟ್ಟಳು. ಮೆಟ್ಟಿಲ ತಿರುವಿನಲ್ಲಿ ಯಾರೋ ತಾಕಿದರು.

"ನಾನೇ ಕಣೇ, ಖದ್ದೂಜಾ. ಕಣ್ಣು ಮುಚ್ಚಿದೀಯಾ?"

"ಹೂಂ ಅಜ್ಜಿ."

"ಹಂಗಾದ್ರೆ ನಾನು ಮುಂದೆ. ನನಗೆ ರೂಢಿ ಇದೆ."

ಓಣಿಯ ಮಳೆ ಮುಖಕ್ಕೆ ಬಡಿಯಿತು. ಅವರು ಇನ್ನೂ ಓಣಿ ಇಳಿಯುತ್ತಿದ್ದಾಗಲೇ ಹಿಂದೆ ಸದ್ದಾಯಿತು. ದೊಡ್ಡ ಸದ್ದೇನಲ್ಲ, ಒದ್ದೆ ಮೂಟೆಯನ್ನು ಕೆಳಗಿಟ್ಟಂತೆ. ಆಮೇಲೆ ಇನ್ನೊಂದು ಮೂಟೆ.

ಮಳೆ ನಿಂತಾಗ ಕೋಟೆ ಅರ್ಧ ಕರಗಿತ್ತು. ಊರೆಲ್ಲ ತೋಟಕ್ಕಿಳಿದು ಖರ್ಜೂರದ ಮರಗಳ ಕೆಳಗೆ ಚಾಪೆ ಹಾಸಿತು. ಘೂಲಾ ಹೊರಗೆ ಬಂದಳು, ಮನೆ ಬಿತ್ತು, ಎಂದು ಜನ ಮಾತಾಡಿಕೊಂಡರು. ಕತ್ತೆಯ ಕೊಟ್ಟಿಗೆಯಲ್ಲಿ ಕಣ್ಣಿಗೆ ಬಿಳಿಬಟ್ಟೆ ಕಟ್ಟಿಕೊಂಡು ಕೂತ ಮಬ್ರೂಕಾಗೆ ಎಲ್ಲವೂ ಕೇಳಿಸುತ್ತಿತ್ತು. ಹನಿಯ್ಯಾಳ ದನಿಗಾಗಿ ಅವಳು ಕಿವಿ ನಿಮಿರಿಸುತ್ತಿದ್ದಳು. ಹನಿಯ್ಯಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವಳು ಸೇರಿಸಿಕೊಳ್ಳದಿದ್ದರೆ ಮಿಂದು ಮನುಷ್ಯಳಾಗಿ ಹೋಗುವುದೆಲ್ಲಿಗೆ? ಮಬ್ರೂಕಾ ಮಲಗಿದಲ್ಲೇ ಮಗ್ಗುಲು ಬದಲಿಸುತ್ತಿದ್ದಳು.

ಹೊಸ ಚಂದ್ರ ಕಾಣಿಸಿದ. ಮರುದಿನ ಬೆಳಿಗ್ಗೆ ಡಂಗುರದವನು ರೂಢಿಯಂತೆ, "ಬಾಗಿಲು ಹಾಕ್ಕೊಳ್ಳಿ," ಎಂದು ಸಾರಿದ.

"ಯಾವ ಬಾಗಿಲು ಮಾರಾಯ? ತಂದುಕೊಡು, ಹಾಕ್ಕೋತೀವಿ," ಎಂದಿತು ಮರಗಳ ನಡುವಿನಿಂದ ಒಂದು ದನಿ. ಸ್ವಲ್ಪ ನಗು ಎದ್ದಿತು. ಆಮೇಲೆ ಎಲ್ಲರೂ ಮರದ ಬೊಡ್ಡೆಗಳತ್ತ ಮುಖ ತಿರುಗಿಸಿ ಕೂತರು.

ಮಬ್ರೂಕಾ ಬುಗ್ಗೆಗಿಳಿದು ಮಿಂದು, ಉಡುಪು ತೊಟ್ಟು, ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ರೆಪ್ಪೆ ಮಾತ್ರ ತೆರೆಯಲಿಲ್ಲ. ಹತ್ತಿರದಲ್ಲೇ ಹೆಜ್ಜೆ ಸದ್ದಾಯಿತು.

"ಯಾರದು? ಹೋಗಿ. ನಾನಿನ್ನೂ ಕಣ್ಣು ಬಿಟ್ಟಿಲ್ಲ."

"ಗೊತ್ತು," ಎಂದಳು ಹನಿಯ್ಯಾ. "ಅವತ್ತೂ ಬಿಟ್ಟಿರಲಿಲ್ಲ. ಓಡುವಾಗ ತಿರುಗಿ ನೋಡಿದೆ. ಕುರುಡಿ ಹಿಂದೆ ಕುರುಡಿ ಇಳೀತಿದ್ರಿ."

"ಹಾಗಂತ ಜನಕ್ಕೆ ಯಾಕೆ ಹೇಳಲಿಲ್ಲ ಅಕ್ಕ?"

"ಹೇಳಿದ್ರೆ ನನ್ನ ಕೇಳೋರು. ಅವಳು ಮೊದಲೇ ಕೂಗಿದಾಗ ಯಾಕೆ ಕದಲಲಿಲ್ಲ ಅಂತ." ಹನಿಯ್ಯಾ ಇನ್ನೊಂದು ಹೆಜ್ಜೆ ಮುಂದೆ ಬಂದಳು. "ಈಗ ನೋಡು. ಮೊದಲು ನನ್ನ ನೋಡು, ಮಕ್ಕಳು ಆಮೇಲೆ. ಬೇಗ ಆಗ್ಲಿ, ಹಿಟ್ಟು ಕಲಸಿಟ್ಟು ಬಂದಿದ್ದೀನಿ."

ಮಬ್ರೂಕಾ ರೆಪ್ಪೆ ಬಿಡಿಸಿದಳು. ಬೆಳಕು ಚುಚ್ಚಿತು. ಕೆಸರು ಒಣಗಿದ ಎರಡು ಪಾದಗಳು, ಹರಿದ ಅಂಚು, ಹಿಟ್ಟು ಮೆತ್ತಿದ ಬೆರಳುಗಳು ಕಂಡವು. ನೋಟ ಅಲ್ಲಿಗೇ ನಿಂತುಬಿಟ್ಟಿತು.

"ಇನ್ನೂ ಮೇಲೆ," ಎಂದಳು ಹನಿಯ್ಯಾ.